ತೂತಿಲ್ಲದ ತೂತಿನ ದುಡ್ಡು

ಆ ಅಕ್ಕ ತಮ್ಮ ನಮ್ಮ ಮನೆಗೆ ಬಂದಾಗ ನಾನು ಬೆಳವಣಕಿಯ ರೈತರೊಬ್ಬರ ಹತ್ತು ರೂಪಾಯಿ ನಾಣ್ಯವನ್ನು ಕೈಯಲ್ಲಿ ಹಿಡಿದು ಇಲ್ಲ ಅನ್ನುತ್ತಿದ್ದೆ. ನಡುವಿನ ಬಿಳಿ ಬಿಲ್ಲೆ ಹಳದಿ ಬಳೆಯಿಂದ ಅರ್ಧ ಹೊರಗೆ ಬಂದು ವಾಲಿಕೊಂಡಿತ್ತು. ಟಂಕಸಾಲೆಯಲ್ಲೇ ಬಿಲ್ಲೆ ವಾರೆ ಕೂತಿದ್ದರೆ, ಅಚ್ಚು ಬೀಳುವುದು ಆಮೇಲೆ. ಆದ್ದರಿಂದ ಬಿಲ್ಲೆ ವಾಲಿದ್ದರೂ ಮೇಲಿನ ಗೆರೆ ಬಳೆಯಿಂದ ಬಿಲ್ಲೆಗೆ ಸರಾಗ ಹರಿದಿರಬೇಕು. ಇಲ್ಲಿ ಬಿಲ್ಲೆಯ ಜೊತೆ ಗೆರೆಯೂ ಸರಿದಿತ್ತು. ಅಂದರೆ ನಾಣ್ಯ ಸರಿಯಾಗಿಯೇ ಹುಟ್ಟಿ, ಆಮೇಲೆ ಪೆಟ್ಟು ತಿಂದಿದೆ.

“ಸುತ್ತಿಗಿಲೆ ಬಡದೀರೇನ್ರಿ?” ಅಂದೆ.

“ನಾ ಬಡದಿಲ್ರೀ ಬಾಯಾರ. ಟ್ರ್ಯಾಕ್ಟರ್ ಬಡದೈತಿ. ನಾ ಬರೇ ಅದರ ಕೆಳಗ ಇಟ್ಟಿದ್ದೆ,” ಅಂದು ಅವರು ನಕ್ಕು, ನಾಣ್ಯವನ್ನು ಜೇಬಿಗೆ ಹಾಕಿಕೊಂಡು, “ಚಾದ ಅಂಗಡಿಯಾವ ತಗೋತಾನಿಲ್ಲೋ?” ಅನ್ನುತ್ತ ಎದ್ದರು.

ನರಗುಂದದಲ್ಲಿ ಗುಡ್ಡದ ಕೆಳಗಿನ ಓಣಿಯಲ್ಲಿ ನಮ್ಮ ಮನೆ. ಮುಂದಿನ ಪಡಸಾಲೆಯಲ್ಲಿ ಒಂದು ಮೇಜು, ಹಸಿರು ಬಟ್ಟೆ, ದೀಪ, ಅಪ್ಪ ಬಿಟ್ಟುಹೋದ ಭೂತಗನ್ನಡಿ. ಅಪ್ಪ ಪತ್ತಾರಿಕೆ, ಅಂದರೆ ಅಕ್ಕಸಾಲಿಗರ ಕೆಲಸ, ಮಾಡುತ್ತಿದ್ದರು. ನಾನು ಹಳೆ ನಾಣ್ಯ ಕೊಂಡು, ಸಂಗ್ರಹ ಮಾಡುವವರಿಗೆ ಟಪಾಲಿನಲ್ಲಿ ಕಳಿಸುತ್ತೇನೆ. ಮೊಬೈಲಿನಲ್ಲಿ ನಾಣ್ಯದ ವಿಡಿಯೋಗಳು ಬರಲು ಶುರುವಾದ ಮೇಲೆ ಮಾರುವ ಕೆಲಸಕ್ಕಿಂತ ಇಲ್ಲ ಅನ್ನುವ ಕೆಲಸವೇ ಹೆಚ್ಚಾಗಿದೆ. ರೈಲಿನ ಹಳಿಯ ಮೇಲೆ ಇಟ್ಟು ಚಪ್ಪಟೆಯಾದದ್ದು, ಎರಡು ನಾಣ್ಯ ಸೇರಿಸಿ ಗ್ಯಾರೇಜಿನ ವೈಸ್‌ನಲ್ಲಿ ಹಿಸುಕಿದ್ದು, ಆಸಿಡ್ಡಿನಲ್ಲಿ ಅದ್ದಿ ತೆಳ್ಳಗೆ ಮಾಡಿದ್ದು. ಎಲ್ಲವೂ ಟಂಕಸಾಲೆಯ ತಪ್ಪು ಅಂತಲೇ ನನ್ನ ಮೇಜಿಗೆ ಬರುತ್ತವೆ.

ತಮ್ಮ ಬೆಂಚಿನ ತುದಿಯಲ್ಲಿ ಕೂತ. ಅಕ್ಕ ಕೂಡಲಿಲ್ಲ. ಸೆರಗಿನ ಗಂಟು ಬಿಚ್ಚಿ ಸಣ್ಣ ಹಿತ್ತಾಳೆ ಡಬ್ಬಿ ತೆಗೆದು ಹಸಿರು ಬಟ್ಟೆಯ ಮೇಲಿಟ್ಟಳು. ಕುಂಕುಮ, ಕರ್ಪೂರ, ಹಳೆ ಎಣ್ಣೆಯ ವಾಸನೆ ಬಂತು.

“ನೋಡ್ರಿ ಬಾಯಾರ. ತೂತಿನ ದುಡ್ಡು. ಆದರ ತೂತ ಇಲ್ಲ,” ಅಂದ ತಮ್ಮ.

ನನ್ನ ಕೈ ತಾನಾಗಿಯೇ ಭೂತಗನ್ನಡಿಯ ಕಡೆ ಹೋಯಿತು.

ಬ್ರಿಟಿಷರ ಕಾಲದ ಕೊನೆಯ ವರ್ಷಗಳಲ್ಲಿ ನಡುವೆ ದೊಡ್ಡ ತೂತಿರುವ ಒಂದು ಪೈಸೆಯ ನಾಣ್ಯ ಬಂತು. ಒಂದು ಮಗ್ಗುಲು ಕಿರೀಟ, ಇನ್ನೊಂದು ಮಗ್ಗುಲು ಬಳ್ಳಿಯ ಸುತ್ತು. ನಮ್ಮ ಕಡೆ ಹಳಬರ ಮನೆಯಲ್ಲಿ ಹುಡುಕಿದರೆ ಈಗಲೂ ಸಿಗುತ್ತದೆ, ಅದಕ್ಕೆ ದೊಡ್ಡ ಕಿಮ್ಮತ್ತಿಲ್ಲ. ಆದರೆ ಅಪರೂಪಕ್ಕೆ ತೂತು ಹೊಡೆಯುವುದೇ ತಪ್ಪಿ, ಇಡೀ ಬಿಲ್ಲೆಯ ಮೇಲೆ ಅಚ್ಚು ಬಿದ್ದ ನಾಣ್ಯಗಳಿವೆ. ಅಂಥದ್ದೊಂದು ಸಿಕ್ಕರೆ ಸಂಗ್ರಹಕಾರರು ಮನೆ ಬಾಗಿಲಿಗೇ ಬರುತ್ತಾರೆ. ಅಂಥದ್ದನ್ನು ನಾನು ಚಿತ್ರದಲ್ಲಿ ಬಿಟ್ಟರೆ ಎಲ್ಲೂ ಕಂಡಿರಲಿಲ್ಲ.

“ಇದಕ್ಕ ಖರೇ ಅಂತ ಒಂದ ಚೀಟಿ ಬರದ ಕೊಡ್ರಿ,” ಅಂದ ತಮ್ಮ. “ನಾಳಿ ರೋಣದಾಗ ನೋಂದಣಿ ಐತಿ. ನಮ್ಮ ಹಿರೇರು, ತಿಳದವರ ಕಡಿಂದ ಬರಸ್ಕೊಂಡ ಬಂದ ಮ್ಯಾಲ ಸಹಿ ಮಾಡ್ರಿ ಅಂದಾರ.”

ಯಾವ ನೋಂದಣಿ ಅಂತ ಕೇಳಿದೆ. ಗಜೇಂದ್ರಗಡದಲ್ಲಿ ಅವರದು ಮಗ್ಗದ ಮನೆ. ಅಕ್ಕನಿಗೆ ಐವತ್ತರ ಹತ್ತಿರ. ಮದುವೆಯಾಗಿ ಹೋದವಳು ವರ್ಷ ತುಂಬುವುದರೊಳಗೆ ತಿರುಗಿ ಬಂದು, ಅಂದಿನಿಂದ ಮಗ್ಗದ ಮುಂದೆ ಕೂತಿದ್ದಾಳೆ. ತಮ್ಮನದು ಮೊಬೈಲ್ ರಿಪೇರಿ ಅಂಗಡಿ. ಈಗ ಇಬ್ಬರ ನಡುವೆ ವಾಟಣಿ, ಆಸ್ತಿಯ ಪಾಲು. ಮನೆ ಪೂರ್ತಿ ತಮ್ಮನಿಗೆ, ಈ ನಾಣ್ಯ ಅಕ್ಕನಿಗೆ. ಅವಳು ಮನೆಯ ಹಕ್ಕು ಬಿಟ್ಟುಕೊಟ್ಟು ಸಹಿ ಮಾಡಬೇಕು.

“ವಿಡಿಯೋದಾಗ ಇದರ ಕಿಮ್ಮತ್ತ ನೋಡಿದ್ರ ಮನಿಗಿಂತ ಎರಡ ಪಟ್ಟ ಆಗತೈತ್ರಿ. ನಾನ ಲುಕ್ಸಾನದಾಗ ಅದೀನಿ,” ಅಂದ. ಹಾಗೆ ಹೇಳುವಾಗ ಅವನ ಮುಖದಲ್ಲಿ ಕಪಟ ಏನೂ ಕಾಣಲಿಲ್ಲ. ನಂಬಿದ್ದ.

ನಾನು ಅಕ್ಕನ ಕಡೆ ತಿರುಗಿದೆ. “ನಿನಗ ಒಪ್ಪಿಗಿ ಐತೇನವಾ?”

“ಹೌದ್ರಿ. ಹೊಳೆಆಲೂರಾಗ ಟೇಶನ್ ಹತ್ರ ಒಂದ ಖೋಲಿ ನೋಡೀನಿ. ಖಾನಾವಳಿ ಹಾಕ್ತೀನಿ. ಮಗ್ಗದ ಕುಣ್ಯಾಗ ಕಾಲ ಇಳಿಬಿಟ್ಟ ಮಣಕಾಲ ಹೋಗ್ಯಾವು. ರೊಟ್ಟಿ ಬಡಿಯಾಕ ಕೈ ಗಟ್ಟಿ ಅದಾವು.” ಆಮೇಲೆ ಸ್ವಲ್ಪ ಬಾಗಿ, “ಲಗೂನ ಬರದ ಕೊಡ್ರಿ ಬಾಯಾರ,” ಅಂದಳು.

ಇಬ್ಬರಿಗೂ ಹೌದು ಅನ್ನಿಸಿಕೊಳ್ಳುವುದೇ ಬೇಕಾಗಿತ್ತು. ನಿಜ ಹೇಳಬೇಕೆಂದರೆ ನನಗೂ.

ನಾಣ್ಯವನ್ನು ಅಂಚಿನಲ್ಲಿ ಹಿಡಿದೆ. ಮೇಲೆ ಎಣ್ಣೆ, ಅರಿಷಿಣ, ಕುಂಕುಮ ಒಂದರ ಮೇಲೊಂದು ಒಣಗಿ ಕಪ್ಪು ವಾರ್ನಿಷ್‌ನಂತೆ ಗಟ್ಟಿಯಾಗಿತ್ತು. ಅಚ್ಚಿನ ಕಿರೀಟ ತಲೆ ಎತ್ತಿ ಕಾಣುತ್ತಿತ್ತು, ವರ್ಷದ ಅಂಕಿ ಅರ್ಧ ಮುಚ್ಚಿತ್ತು. ಮೊದಲು ಅಗಲ ಅಳೆದೆ. ನನ್ನ ಹತ್ತಿರ ಇದ್ದ ಮಾಮೂಲಿ ತೂತಿನ ದುಡ್ಡಿನಷ್ಟೇ ಇತ್ತು. ಅಂಚು ಸರಿಯಿತ್ತು, ಎಲ್ಲೂ ಅರ ಆಡಿಸಿದ ಗುರುತಿಲ್ಲ. ಆಮೇಲೆ ತೂಕ. ಮಾಮೂಲಿ ನಾಣ್ಯಕ್ಕಿಂತ ಇದು ಭಾರ. ತೂತಿನ ಜಾಗದ ಲೋಹ ಸೇರಿದರೆ ಎಷ್ಟಾಗಬೇಕೋ ಸುಮಾರು ಅಷ್ಟು. ನಡುವಿನ ಭಾಗ ಉಳಿದದ್ದರ ಬಣ್ಣದ್ದೇ, ಅದೇ ಕಂದು. ಬೆಸುಗೆ ಹಾಕಿದ್ದರೆ ಬೆಳ್ಳಗಿನ ಗೆರೆಯೊಂದು ಎಲ್ಲಾದರೂ ಇಣುಕಬೇಕು. ಇಣುಕಲಿಲ್ಲ.

“ಮನಿಯಾಗ ಇದು ಯಾವಾಗಿಂದ ಐತಿ?” ಕೇಳಿದೆ.

“ನಮ್ಮ ಆಯಿ ಕಾಲದಿಂದ್ರಿ,” ಅಂದಳು ಅಕ್ಕ. ಆಯಿ ಅಂದರೆ ಅವಳ ಅಪ್ಪನ ತಾಯಿ. “ದೀವಳಿಗಿ ಲಕ್ಷ್ಮೀ ಪೂಜೆಕ್ಕ ಹೊರಗ ಬರತೈತಿ. ಮುಗಿದ ಮ್ಯಾಲ ಡಬ್ಬ್ಯಾಗ ಹೋಗತೈತಿ.”

ಇದು ನನ್ನ ಮನಸ್ಸನ್ನು ಇನ್ನಷ್ಟು ಹೌದಿನ ಕಡೆಗೆ ನೂಕಿತು. ಟಂಕಸಾಲೆಯ ತಪ್ಪಿಗೆ ಬೆಲೆಯಿದೆ ಅಂತ ಆ ಕಾಲದಲ್ಲಿ ಈ ಕಡೆ ಯಾರಿಗೆ ಗೊತ್ತಿತ್ತು? ಬೆಲೆ ಗೊತ್ತಿಲ್ಲದ ಮೇಲೆ ತೂತು ಮುಚ್ಚಿ ಮೋಸ ಮಾಡುವವರು ಯಾರು? ಮೋಸಕ್ಕೆ ಕಾರಣವೇ ಇಲ್ಲ ಅಂದಮೇಲೆ ಮೋಸ ಎಲ್ಲಿಂದ ಬಂತು? ಹೀಗೆ ಲೆಕ್ಕ ಹಾಕುತ್ತ ನಾನು ಪೆನ್ನಿನ ಟೊಪ್ಪಿಗೆ ತೆಗೆದಿದ್ದೆ.

ತಡೆದದ್ದು ಸಪ್ಪಳ. ಯಾವ ನಾಣ್ಯವನ್ನಾದರೂ ಬೆರಳ ತುದಿಯ ಮೇಲೆ ಕೂಡಿಸಿ ಬಿದಿರ ಕಡ್ಡಿಯಿಂದ ಮೆಲ್ಲಗೆ ತಟ್ಟುವುದು ನನ್ನ ರೂಢಿ. ಇಡೀ ಲೋಹವಾದರೆ ಸಣ್ಣಗೆ ಗುಂಯ್ ಅನ್ನುತ್ತದೆ. ಇದು ಟಪ್ ಅಂದು ಸುಮ್ಮನಾಯಿತು. ಮತ್ತೆ ತಟ್ಟಿದೆ, ಮತ್ತೆ ಟಪ್. ಮೇಲಿನ ಜಿಡ್ಡು ದಪ್ಪವಾಗಿದ್ದರೂ ಸಪ್ಪಳ ಸಾಯುತ್ತದೆ, ಆದ್ದರಿಂದ ಇದರಿಂದ ಏನೂ ಸಾಬೀತಾಗಲಿಲ್ಲ. ಆದರೆ ಪೆನ್ನಿಗೆ ಟೊಪ್ಪಿಗೆ ಹಾಕಿದೆ.

“ಇದರ ಮ್ಯಾಲಿನ ಜಿಡ್ಡ ತಗೀದ ನಾ ಬರಿಯಾಕ ಆಗೂದಿಲ್ಲ.”

“ಅಷ್ಟ ತಾನ? ಹುಣಸಿಹಣ್ಣ ಕೊಡ್ರಿ, ಫಳಫಳ ಬೆಳಗತೀನಿ,” ಅನ್ನುತ್ತ ಅಕ್ಕ ನಾಣ್ಯಕ್ಕೆ ಕೈ ಹಾಕಿಯೇಬಿಟ್ಟಳು. ನಾನು ಅವಳ ಮುಂಗೈ ಹಿಡಿದೆ. ನಾಣ್ಯ ಖರೇ ಆಗಿದ್ದು ಅದಕ್ಕೆ ಹುಣಸೆಹಣ್ಣು ಬಿದ್ದರೆ, ಅಷ್ಟು ವರ್ಷದ ಮೈಬಣ್ಣ ಕಿತ್ತುಹೋಗಿ ಬೆಲೆ ಅರ್ಧಕ್ಕೂ ನಿಲ್ಲುವುದಿಲ್ಲ. ತಿಕ್ಕುವಂತಿಲ್ಲ, ಕೆರೆಯುವಂತಿಲ್ಲ. ಅಸಿಟೋನ್ ಅಂತ ಒಂದಿದೆ, ಉಗುರಬಣ್ಣ ತೆಗೆಯಲು ಬಳಸುವಂಥದ್ದು. ಅದರ ಶುದ್ಧ ಸೀಸೆ ನನ್ನ ಹತ್ತಿರ ಇರುತ್ತದೆ. ಅದು ಎಣ್ಣೆಯನ್ನು ಕರಗಿಸುತ್ತದೆ, ತಾಮ್ರವನ್ನು ಮುಟ್ಟುವುದಿಲ್ಲ. ಆದರೆ ಇಷ್ಟು ಹಳೆಯ ಜಿಡ್ಡು ಬಿಡಲು ಹೊತ್ತು ಬೇಕು, ನಡುನಡುವೆ ಹೊಸದು ಹಾಕುತ್ತಿರಬೇಕು.

“ಇದನ್ನ ಇಲ್ಲೆ ಬಿಟ್ಟ ಹೋಗ್ರಿ. ನಾಳಿ ರೋಣಕ್ಕ ನಾನ ತರತೀನಿ,” ಅಂದೆ.

ತಮ್ಮ ಡಬ್ಬಿ ಮುಚ್ಚಿದ. “ತಪ್ಪ ತಿಳ್ಕೋಬ್ಯಾಡ್ರಿ ಬಾಯಾರ. ಮನಿಯಷ್ಟ ಕಿಮ್ಮತ್ತಿನ ಸಾಮಾನ ಹ್ಯಾಂಗ ಬಿಟ್ಟ ಹೋಗಲಿ? ನೀವು ಬರಿಯೂದಿಲ್ಲ ಅಂದ್ರ ಬ್ಯಾಡ. ನೋಂದಣಿ ಅಂತೂ ನಾಳೀನ. ಹಿರೇರಿಗೆ ನಾ ಹೇಳ್ಕೋತೀನಿ.”

ಅಂದರೆ ಚೀಟಿ ಇಲ್ಲದೆಯೂ ಅಕ್ಕ ಸಹಿ ಮಾಡುತ್ತಾಳೆ. ಅದು ನನಗೆ ಚಳಕು ಹೊಡೆದಂತೆ ಗೊತ್ತಾಯಿತು. ನಾಣ್ಯ ಖರೇ ಅಲ್ಲದಿದ್ದರೆ, ಈ ಹೆಂಗಸಿನ ಕೈಯಲ್ಲಿ ಮನೆಯೂ ಇಲ್ಲ, ಮಗ್ಗವೂ ಇಲ್ಲ, ಖಾನಾವಳಿಯೂ ಇಲ್ಲ.

“ಹಂಗಾರ ನಾನ ಮುಂಜಾನಿ ನಿಮ್ಮ ಮನಿಗಿ ಬರತೀನಿ. ಅಲ್ಲೆ ನೋಡಿ, ಅಲ್ಲಿಂದ ಕೂಡೇ ರೋಣಕ್ಕ ಹೋಗೂಣು,” ಅಂದೆ. ಒಬ್ಬರ ನಾಣ್ಯಕ್ಕಾಗಿ ನಾನು ಊರು ಬಿಟ್ಟು ಹೋದದ್ದಿಲ್ಲ. ತಮ್ಮ ಒಪ್ಪಿದ, ಅಕ್ಕನ ಮುಖ ಮಾತ್ರ ಸಣ್ಣದಾಯಿತು.

ಮರುದಿನ ನಸುಕಿನಲ್ಲಿ ರೊಟ್ಟಿ ಬಡಿದು, ಪುಂಡಿಪಲ್ಲೆ ಮಾಡಿಟ್ಟು, ಅಸಿಟೋನ್ ಸೀಸೆಯನ್ನು ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿದೆ. ಯಜಮಾನರು ಧಾನ್ಯದ ದಲಾಲಿ ಅಂಗಡಿಗೆ ಹೊರಟವರು ನಿಂತು ನೋಡಿದರು. “ಇದ್ದ ತೂತ ಹುಡಕಾಕ ಯಾರರ ಹೋಗ್ಯಾರು. ಇಲ್ಲದ ತೂತ ಹುಡಕಾಕ ಎರಡ ಬಸ್ ಹತ್ತಾಕಿ ನೀನ ಒಬ್ಬಾಕಿ ನೋಡು,” ಅಂದರು. ನಗು ಬಂತು, ಆದರೆ ಬಸ್ಸಿನಲ್ಲಿ ಕೂತ ಮೇಲೆ ಉಳಿಯಲಿಲ್ಲ. ನನ್ನ ಊಹೆ ಎರಡು ಕಡೆಗೂ ಎಳೆದಾಡುತ್ತಿತ್ತು. ಖರೇ ಇದ್ದದ್ದನ್ನು ಖೊಟ್ಟಿ ಅಂದರೆ ಅವಳ ಖಾನಾವಳಿ ನಾನೇ ಮುಚ್ಚಿದಂತೆ. ಖೊಟ್ಟಿಯನ್ನು ಖರೇ ಅಂದರೆ ಅವಳನ್ನು ಬೀದಿಗೆ ತಂದಂತೆ. ರೋಣದಲ್ಲಿ ಬಸ್ಸು ಬದಲಿಸುವಾಗ ನೋಂದಣಿ ಕಚೇರಿಯ ಬಾಗಿಲು ಇನ್ನೂ ತೆರೆದಿರಲಿಲ್ಲ. ಹೊರಗೆ ಒಬ್ಬಾತ ಕುರ್ಚಿ ಮೇಜು ಒರೆಸುತ್ತಿದ್ದ.

ಗಜೇಂದ್ರಗಡದ ಮನೆ ಉದ್ದಕ್ಕೆ, ರೈಲಿನ ಡಬ್ಬಿಯಂತೆ. ಮುಂದಿನ ಕೋಣೆಯಲ್ಲಿ ಕುಣಿಮಗ್ಗ, ಹಿಂದೆ ಅಡುಗೆಮನೆ, ನಡುವೆ ದೇವರ ಮಾಡ. ತಮ್ಮನು ನೋಂದಣಿಗೆ ಫೋಟೋ ತೆಗೆಸಿಕೊಂಡು ಬರುತ್ತೇನೆಂದು ಡಬ್ಬಿಯನ್ನು ಅಕ್ಕನ ಕೈಗಿಟ್ಟು ಹೋದ. “ಅಕ್ಕಾ, ಎದುರಿಗೇ ಇರು,” ಅಂತ ಹೋಗುವಾಗ ಎರಡು ಸಲ ಹೇಳಿದ.

ಗ್ಯಾಸ್ ಆರಿಸಲು ಹೇಳಿದೆ, ದೇವರ ದೀಪವನ್ನು ಹಿತ್ತಲಿಗೆ ಕಳಿಸಿದೆ. ಅಸಿಟೋನಿಗೆ ಕಿಡಿ ಸಾಕು. ಗಾಜಿನ ಲೋಟದಲ್ಲಿ ನಾಣ್ಯವನ್ನು ಮಲಗಿಸಿ ಮೇಲೆ ಎರಡು ಬೆರಳು ನಿಲ್ಲುವಷ್ಟು ಸುರಿದು ತಟ್ಟೆ ಮುಚ್ಚಿದೆ. ಕ್ಷಣ ಕಳೆಯುವುದರೊಳಗೆ ಕಂದು ಎಳೆಗಳು ಬಿಟ್ಟುಕೊಂಡು ಇಳಿಯತೊಡಗಿದವು. ಇನ್ನು ಕಾಯುವುದು. ಕಾಯುವಾಗ ಸುಮ್ಮನೆ ಕೂಡುವ ಅಭ್ಯಾಸ ನನಗಿಲ್ಲ, ಮಗ್ಗ ನೋಡುತ್ತ ನಿಂತೆ. ಅರ್ಧ ನೇಯ್ದ ಸೀರೆ ಇತ್ತು. ಮಗ್ಗದ ಹಿಂದುಗಡೆ ಅಂಚಿನ ಎಳೆಗಳು ಸಡಿಲಾಗದಂತೆ ತುದಿಗೆ ಏನೋ ಕಟ್ಟಿ ಇಳಿಬಿಟ್ಟಿದ್ದರು. ಬಾಗಿ ನೋಡಿದರೆ ತೂತಿನ ದುಡ್ಡುಗಳು. ನೂಲು ಹಾಯ್ದು ಹಾಯ್ದು ಒಂದೊಂದರ ತೂತಿನ ಅಂಚೂ ನುಣ್ಣಗಾಗಿತ್ತು.

“ಇಷ್ಟ ಅದಾವಲ್ಲ!” ಅಂದೆ.

“ಆಯಿ ಕಾಲದಿಂದ ಅಲ್ಲೇ ತೂಗಾಡಾಕತ್ತಾವು. ಎಳಿಗಿ ಅದರಷ್ಟ ಚಲೋ ಭಾರ ಬ್ಯಾರೆ ಇಲ್ರಿ.”

“ಇವೆಲ್ಲ ಮಗ್ಗಕ್ಕ. ಅದೊಂದ ಯಾಕ ಡಬ್ಬಿಯೊಳಗ?”

“ಅದಕ್ಕ ತೂತ ಇಲ್ಲಲ್ರೀ! ಲಕ್ಷ್ಮಿ ಮುಂದ ತೂತಿಂದ ಏನೂ ಇಡಾಕ ಕೊಡತಿರಲಿಲ್ಲ ಆಯಿ. ಸೋರೋ ತಂಬಿಗಿ ಬ್ಯಾಡ, ಬಿರಕ ಬಿಟ್ಟ ಬಟ್ಟಲ ಬ್ಯಾಡ. ಜಂಪರಿನ ಕಂಕುಳಾಗ ಹರದಿದ್ರ ನಮ್ಮನ್ನೂ ದೂರ ನಿಂದ್ರಸಾಕಿ,” ಅಂತ ನಕ್ಕಳು. ಚಹಾ ಮಾಡಲು ಗ್ಯಾಸಿಲ್ಲವಲ್ಲ, ಮಜ್ಜಿಗೆ ತಂದುಕೊಟ್ಟಳು. “ಅದು ಆಕಿ ಮೊದಲನೇ ಗಳಿಕೀರಿ. ಮದವ್ಯಾಗಿ ಬಂದ ಮ್ಯಾಲ ತಾನ ನೇದ ಮೊದಲ ಸೀರಿಗೆ ಬಂದದ್ದರಾಗ ಒಂದ ದುಡ್ಡ ತಗದ ಇಟ್ಟಿದ್ಲಂತ. ಮೊದಲನೇ ಗಳಿಕಿ ಲಕ್ಷ್ಮಿಗೆ. ಹಂಗಂತ ಹೇಳಾಕಿ.”

ನಾನು ಮಜ್ಜಿಗೆಯ ಲೋಟವನ್ನು ಕೆಳಗಿಟ್ಟೆ.

ಮೊದಲ ಗಳಿಕೆಯನ್ನು ಲಕ್ಷ್ಮಿಯ ಮುಂದೆ ಇಡಲೇಬೇಕು. ತೂತಿನದನ್ನು ಇಡಲೇಬಾರದು. ಆ ಕಾಲದಲ್ಲಿ ಬಡ ನೇಕಾರರ ಕೈಗೆ ಬರುತ್ತಿದ್ದ ದುಡ್ಡು ಈ ಮಗ್ಗಕ್ಕೆ ತೂಗಿದ ಜಾತಿಯದು. ಎರಡು ಕಟ್ಟಳೆ ಬಂದು ಒಂದೇ ನಾಣ್ಯದ ಮೇಲೆ ಕೂತಾಗ ಆ ಮುದುಕಿ, ಅಲ್ಲ, ಆಗಿನ್ನೂ ಹೊಸ ಸೊಸೆ, ಏನು ಮಾಡಿದ್ದಾಳು?

“ನಿಮ್ಮ ಓಣ್ಯಾಗ ಪತ್ತಾರರ ಮನಿ ಇತ್ತೇನು?”

“ಇತ್ತಲ್ರೀ, ಗ್ವಾಡಿಗಿ ಹತ್ತೇ ಇತ್ತು. ಯಾಕ್ರಿ?”

ಹಿಂದಿನ ದಿನ ನನ್ನನ್ನು ಹೌದಿನ ಕಡೆ ನೂಕಿದ ಮಾತು ನೆನಪಾಯಿತು. ಮೋಸಕ್ಕೆ ಕಾರಣವಿಲ್ಲ ಅಂದುಕೊಂಡಿದ್ದೆ. ತೂತು ಮುಚ್ಚಲು ಮೋಸವೇ ಕಾರಣವಾಗಬೇಕಿಲ್ಲ ಅಂತ ಹೊಳೆದೇ ಇರಲಿಲ್ಲ. ಆದರೂ ಇದು ಕಥೆ. ಕಥೆಯ ಮೇಲೆ ನಾಣ್ಯವನ್ನು ತೀರ್ಮಾನಿಸಲು ಬರುವುದಿಲ್ಲ.

ಲೋಟದ ದ್ರವ ಚಹಾದ ಬಣ್ಣಕ್ಕೆ ತಿರುಗಿತ್ತು. ಅದನ್ನು ಚೆಲ್ಲಿ ಹೊಸದು ಹಾಕಿದೆ, ಅದು ಕೆಡುತ್ತಲೇ ಮತ್ತೆ ಹಾಕಿದೆ. ಕಿರೀಟದ ಮಣಿಗಳು, ಬಳ್ಳಿಯ ಎಲೆಗಳು ಒಂದೊಂದಾಗಿ ಹೊರಬಂದವು. ನಡುವಿನ ಭಾಗ ಆಗಲೂ ಕಂದು, ಆಗಲೂ ನಯ. ಅಕ್ಕ ನನ್ನ ಭುಜದ ಹತ್ತಿರ ಉಸಿರು ಬಿಡುತ್ತ ನಿಂತಿದ್ದಳು. “ಚಲೋ ಐತಲ್ರಿ? ಚಲೋ ಐತಲ್ಲ?”

ಆಗ ಗುಳ್ಳೆ ಎದ್ದವು. ಸಾಸಿವೆಗಿಂತ ಸಣ್ಣವು, ಒಂದರ ಹಿಂದೆ ಒಂದು. ಎಲ್ಲೆಂದರಲ್ಲಿ ಎದ್ದಿದ್ದರೆ ಜಿಡ್ಡಿನೊಳಗಿನ ಗಾಳಿ ಅನ್ನಬಹುದಿತ್ತು. ಇವು ದುಂಡಗೆ ಒಂದು ಸುತ್ತಿನಲ್ಲಿ, ತೂತಿರಬೇಕಾದ ಜಾಗದ ಅಂಚಿಗೆ ಸರಿಯಾಗಿ ಏಳುತ್ತಿದ್ದವು.

ಚಿಮಟಿಗೆಯಿಂದ ನಾಣ್ಯವನ್ನು ಎತ್ತಿ ಬಿಳಿ ಬಟ್ಟೆಯ ಮೇಲಿಟ್ಟೆ. ಅಸಿಟೋನ್ ಒಣಗಲು ಹೊತ್ತು ಬೇಕಿಲ್ಲ. ಕಿರೀಟವಿದ್ದ ಹೊರಭಾಗ ಒಣಗಿತು, ನಡುಭಾಗ ಒಣಗಿತು. ಅವೆರಡರ ನಡುವೆ ಕೂದಲೆಳೆಯಷ್ಟು ಸಣ್ಣ ಒಂದು ಉಂಗುರ ಮಾತ್ರ ಒದ್ದೆಯಾಗಿ, ಕಪ್ಪಗೆ ಉಳಿದು, ಆಮೇಲೆ ಮೆಲ್ಲಗೆ ಮಾಯವಾಯಿತು. ಸಂದಿಯೊಳಗೆ ಹೊಕ್ಕದ್ದು ಮಾತ್ರ ತಡವಾಗಿ ಆರುತ್ತದೆ. ಮತ್ತೆ ಅದ್ದಿ ಎತ್ತಿದೆ. ಮತ್ತೆ ಉಂಗುರ. ಮಗುಚಿ ಇಟ್ಟೆ. ಈ ಮಗ್ಗುಲೂ ಉಂಗುರ. ಕಿಟಕಿಯ ಬೆಳಕಿಗೆ ಓರೆ ಹಿಡಿದು ಭೂತಗನ್ನಡಿ ಹಚ್ಚಿದರೆ ನಡುಭಾಗ ಕಂಡೂ ಕಾಣದಷ್ಟು ಉಬ್ಬಿತ್ತು. ಪತ್ತಾರ ಬೆಸುಗೆಯನ್ನೇ ಹಾಕಿರಲಿಲ್ಲ. ತಾಮ್ರದ ಬಿಲ್ಲೆಯನ್ನು ತೂತಿನಲ್ಲಿ ಕೂಡಿಸಿ, ಎರಡೂ ಕಡೆ ಸಣ್ಣ ಸುತ್ತಿಗೆಯಿಂದ ಬಡಿದು ಹರಡಿ, ಒಪ್ಪ ಹಾಕಿದ್ದ. ಬಿಳಿ ಗೆರೆ ಎಲ್ಲಿಂದ ಇಣುಕಬೇಕು? ಮತ್ತೆ ತಟ್ಟಿದೆ. ಟಪ್.

ನಮ್ಮಪ್ಪನೂ ಇಷ್ಟು ನಾಜೂಕಾಗಿ ಕೂಡಿಸುತ್ತಿದ್ದರೋ ಇಲ್ಲವೋ.

“ಇದು ಟಂಕಸಾಲಿ ತಪ್ಪಲ್ಲವಾ. ಹೊರಗ ತುಂಬಿಸಿದ್ದು. ನಿಮ್ಮ ಆಯಿನ ತುಂಬಿಸ್ಯಾಳ. ಇದರಿಂದ ನಿನಗೇನೂ ಬರೂದಿಲ್ಲ.”

ಅವಳು ಅಳುತ್ತಾಳೆ ಅಂದುಕೊಂಡಿದ್ದೆ. ಅಳಲಿಲ್ಲ. ಮಗ್ಗದ ದಂಡೆಯ ಮೇಲೆ ಕೂತು ಬಹಳ ಹೊತ್ತು ಆ ಉಂಗುರವಿದ್ದ ಜಾಗವನ್ನು ಉಗುರಿನಿಂದ ಸವರಿದಳು. ಆಮೇಲೆ ತಗ್ಗಿದ ದನಿಯಲ್ಲಿ, “ನಿಮಗ ಕಂಡದ್ದು ಎಲ್ಲಾರಿಗೂ ಕಾಣತೈತೇನ್ರಿ?” ಅಂದಳು.

“ಕೊಳ್ಳಾವ್ರು ಮೊದಲ ಇದನ್ನ ಮಾಡ್ತಾರ. ಅವರಿಗೂ ಇದ ಕಾಣತೈತಿ. ಆಗ ನಿನ್ನ ಕೈಯಾಗ ಮನೀನೂ ಇರೂದಿಲ್ಲ.”

“ಹಂಗಾರ ತಮ್ಮಗ ನೀವು ಹೇಳಬ್ಯಾಡ್ರಿ. ರೋಣದ ತನಕ ಸುಮ್ಮನಿರ್ರಿ. ಅಲ್ಲೆ ನಾನ ಹೇಳತೀನಿ.”

ಅವಳ ಮನೆ, ಅವಳ ಮಾತು. ನಾನು ಹೂಂ ಅಂದೆ. ಆ ಹೂಂ ಎಲ್ಲಿಗೆ ಹೋಗುತ್ತದೆ ಅಂತ ನನಗೆ ಗೊತ್ತಿರಲಿಲ್ಲ.

ರೋಣದ ಬಸ್ಸಿನಲ್ಲಿ ತಮ್ಮ ಶೇಂಗಾ ಕೊಡಿಸಿದ. ನಾಣ್ಯದ ಜಿಡ್ಡು ಹೋದದ್ದು ನೋಡಿ ಖುಷಿಯಲ್ಲಿದ್ದ. “ಏನಂದ್ರಿ ಬಾಯಾರ?” ಅಂತ ಕೇಳಿದಾಗ ಅಕ್ಕನೇ, “ಅಲ್ಲೆ ಹೇಳತಾರ, ಬಸ್ನಾಗ ಬಾಯಿ ಬಿಡಬ್ಯಾಡ,” ಅಂದಳು. ಅವನು ಜನರನ್ನು ನೋಡಿ ಬಾಯಿ ಮುಚ್ಚಿದ.

ಕಚೇರಿಯ ಹೊರಗೆ ತಗಡಿನ ನೆರಳಿನಲ್ಲಿ ಬಾಂಡ್ ರೈಟರ್ ಪತ್ರ ಸಿದ್ಧ ಮಾಡಿಕೊಂಡು ಕೂತಿದ್ದರು. ಮುಂಜಾನೆ ಮೇಜು ಒರೆಸುತ್ತಿದ್ದವರು ಅವರೇ. “ಬರ್ರಿ, ಬರ್ರಿ. ಮನಿ ಅವರಿಗೆ, ನಾಣ್ಯ ನಿಮಗ, ಹೌದಿಲ್ಲೋ? ಒಂದ ಸಲ ಓದ್ತೀನಿ, ಕೇಳ್ರಿ,” ಅಂದರು.

“ಓದಬ್ಯಾಡ್ರಿ,” ಅಂದಳು ಅಕ್ಕ. “ತಿರಗಾಮುರಗಾ ಮಾಡ್ರಿ. ಮನಿ ನನಗ, ನಾಣ್ಯ ಅವಗ.”

ನನಗೆ ಆಗ ತಿಳಿಯಿತು. ಸುಮ್ಮನಿರಲು ಹೇಳಿದ್ದು ಇದಕ್ಕೆ.

“ಅಕ್ಕಾ, ತಲಿ ಕೆಟ್ಟೈತೇನು? ಎರಡ ಪಟ್ಟ ಕಿಮ್ಮತ್ತು ಅದರದು!”

“ಅದಕ್ಕ ನಿನಗ ಕೊಡಾಕತ್ತೀನಿ. ನಿನ್ನಿಯಿಂದ ನಾ ಲುಕ್ಸಾನದಾಗ ಅದೀನಿ, ನಾ ಲುಕ್ಸಾನದಾಗ ಅದೀನಿ ಅಂತ ಹೊಯ್ಕೊಳ್ಳಾಕತ್ತೀಯಲ್ಲ. ತಗೋ, ನಿನಗ ಲಾಭ ಇರಲಿ. ನನಗ ಹಳೇ ಮಗ್ಗದ ಮನೀನ ಸಾಕು.”

ಅವನ ಕಣ್ಣಲ್ಲಿ ಆಸೆ ಮೂಡಿತು. ಅದು ಮೂಡಿದ್ದಕ್ಕೆ ಅವನಿಗೇ ನಾಚಿಕೆಯೂ ಆಯಿತೇನೋ, ಕಿವಿ ಕೆಂಪಾದವು. “ಆಮ್ಯಾಲ ನನಗ ಅನ್ಯಾಯ ಆತು ಅನಬಾರದು ಮತ್ತ,” ಅಂದ.

“ಅನ್ನೂದಿಲ್ಲ.”

ಬಾಂಡ್ ರೈಟರ್ ಇಬ್ಬರ ಮುಖವನ್ನೂ ನೋಡಿ ಪೆನ್ನು ತೆಗೆದರು. ಆಗ ತಮ್ಮ ನನ್ನ ಕಡೆ ತಿರುಗಿದ. “ಬಾಯಾರ, ಖರೇ ಐತಲ್ರಿ ಅದು?”

ಅಕ್ಕ ನನ್ನನ್ನು ನೋಡಲಿಲ್ಲ. ಮೇಜಿನ ಕಾಲನ್ನು ನೋಡುತ್ತಿದ್ದಳು. ಅವಳ ಕೈ ಡಬ್ಬಿಯ ಮೇಲಿತ್ತು. ಇಡೀ ವಯಸ್ಸನ್ನು ಆ ಮಗ್ಗದ ಕುಣಿಯಲ್ಲಿ ಕಳೆದವಳು. ಮನೆಯ ಮೇಲೆ ಅವಳ ಹಕ್ಕು ಕಡಿಮೆ ಅಂತ ನನಗೂ ಅನ್ನಿಸಿರಲಿಲ್ಲ. ನಾನು ಒಂದು ಸಲ ತಲೆ ಆಡಿಸಿದ್ದರೆ ಸಾಕಿತ್ತು. ಬಾಯಿ ಬಿಡುವ ಜರೂರತ್ತೂ ಇರಲಿಲ್ಲ.

ಆದರೆ ನೋಡಿದ್ದನ್ನು ನೋಡಿದ ಹಾಗೆ ಹೇಳುವುದೊಂದೇ ನನ್ನ ಕಸುಬು. ಯಾರಿಗೆ ಲಾಭ ಅಂತ ನೋಡಿ ಹೇಳತೊಡಗಿದರೆ ಆ ಮೇಜು, ಆ ಹಸಿರು ಬಟ್ಟೆ ಯಾಕೆ ಬೇಕು?

“ಖರೇ ಅಲ್ಲಪಾ,” ಅಂದೆ. “ತೂತಿನ ದುಡ್ಡನ ಅದು. ನಿಮ್ಮ ಆಯಿ ಪತ್ತಾರ ಕಡಿಂದ ತುಂಬಿಸ್ಯಾಳ. ಯಾರಿಗೆ ಹೋದರೂ ಅದರಿಂದ ಏನೂ ಬರೂದಿಲ್ಲ.”

ಅಕ್ಕ ತಲೆ ಎತ್ತಿ ನನ್ನನ್ನು ನೋಡಿದ ನೋಟವನ್ನು ಬರೆಯಲು ನನಗೆ ಬರುವುದಿಲ್ಲ. ಬಾಂಡ್ ರೈಟರ್ ಮೆಲ್ಲಗೆ ಪೆನ್ನಿನ ಟೊಪ್ಪಿಗೆ ಹಾಕಿದರು.

“ನಿನಗ ಗೊತ್ತಿತ್ತು,” ಅಂದ ತಮ್ಮ ಅಕ್ಕನಿಗೆ.

“ಮುಂಜಾನಿ ಗೊತ್ತಾತು. ನಿನ್ನಿ ನನಗ ಕೊಡೂವಾಗ ನಿನಗೂ ಗೊತ್ತಿರಲಿಲ್ಲ ಬಿಡು. ಆದರ ಖರೇ ಐತೋ ಇಲ್ಲೋ ಅಂತ ನೋಡಾಕ ನಿಂತೇನು? ಬಾಯಾರ ಬರಿಯೂದಿಲ್ಲ ಅಂದ ಮ್ಯಾಲೂ ನೋಂದಣಿ ನಾಳೀನ ಅಂದಿ. ನಾ ಬೀದಿಗೆ ಬಂದಿದ್ರ?”

ಅವನು ಡಬ್ಬಿಯಿಂದ ನಾಣ್ಯ ತೆಗೆದು, ಹೆಬ್ಬೆರಳಿನಿಂದ ನಡುಭಾಗವನ್ನು ತಿಕ್ಕುತ್ತ ರಸ್ತೆಯ ಕಡೆ ನೋಡಿದ. ನಾನು ಅವರಿಗೆ ಆ ಹೊಸ ಸೊಸೆಯ ಎರಡು ಕಟ್ಟಳೆಯ ಮಾತು ಹೇಳಿದೆ. ಹೇಳದಿದ್ದರೂ ನಡೆಯುತ್ತಿತ್ತು, ಆದರೆ ಸುಮ್ಮನೆ ನಿಲ್ಲಲು ಆಗಲಿಲ್ಲ. ಬಾಂಡ್ ರೈಟರ್ ಚಹಾ ತರಿಸಿದರು. ಚಹಾ ಮುಗಿದ ಮೇಲೂ ತಮ್ಮ ಲೋಟ ಹಿಡಿದೇ ಇದ್ದ.

“ನಡು ಮನಿ, ಹಿಂದಿನ ಮನಿ ನನಗ. ಮುಂದಿನ ಖೋಲಿ, ಮಗ್ಗದ್ದು, ಅಕ್ಕಗ,” ಅಂದ ಕೊನೆಗೆ. “ರಸ್ತಾಕ್ಕ ಹತ್ತಿದ್ದು. ಖಾನಾವಳಿ ಹಾಕೂದಿದ್ರ ಅಲ್ಲೆ ಹಾಕು. ಹೊಳೆಆಲೂರಿಗೆ ಯಾಕ ಹೊಕ್ಕೀ?” ಅವನ ಅಂಗಡಿಗೆ ಆ ಕೋಣೆಯೇ ಬೇಕಾಗಿತ್ತು ಅಂತ ನನಗೆ ಆಮೇಲೆ ತಿಳಿಯಿತು.

“ಬರೀರಿ,” ಅಂದಳು ಅಕ್ಕ ಬಾಂಡ್ ರೈಟರಿಗೆ.

“ನಾಣ್ಯ ಯಾರಿಗೆ?” ಅಂತ ಅವರು ಕೇಳಿದರು.

“ಅದನ್ನ ಯಾಕ ಬರೀತೀರಿ? ಅದು ಲಕ್ಷ್ಮೀದು,” ಅಂದು ಅವಳು ತಮ್ಮನ ಕೈಯಿಂದ ನಾಣ್ಯ ಕಸಿದು ಡಬ್ಬಿಗೆ ಹಾಕಿದಳು.

ಅವತ್ತು ಅವಳು ನನ್ನ ಕೂಡ ಮಾತಾಡಲಿಲ್ಲ. ನರಗುಂದದ ಬಸ್ಸಿಗೆ ನಾನೊಬ್ಬಳೇ ನಿಂತಿದ್ದೆ.

ಅದಾದ ಮೇಲೆ ನನ್ನ ಮೇಜಿಗೆ ಬರುವ ನಾಣ್ಯಕ್ಕೆ ನಾನು ಮೊದಲು ಕೇಳುವ ಪ್ರಶ್ನೆ ಬದಲಾಗಿದೆ. ಇದನ್ನು ಮನೆಯಲ್ಲಿ ಯಾತಕ್ಕೆ ಬಳಸುತ್ತಿದ್ದಿರಿ ಅಂತ ಕೇಳುತ್ತೇನೆ. ಜನ ಮೊದಲು ನಗುತ್ತಾರೆ, ಆಮೇಲೆ ಹೇಳುತ್ತಾರೆ. ಒಬ್ಬರು ಹೊಸ್ತಿಲಿಗೆ ಮೊಳೆ ಹೊಡೆದು ಕೂಡಿಸಿದ್ದೆ ಅಂದರು, ಇನ್ನೊಬ್ಬರು ಪಂಪಿನ ವಾಷರ್ ಮಾಡಿದ್ದೆ ಅಂದರು. ಭೂತಗನ್ನಡಿ ಅರ್ಧ ಹೇಳಿದರೆ ಆ ಮಾತು ಇನ್ನರ್ಧ ಹೇಳುತ್ತದೆ.

ಮುಂದೆ ಒಂದು ಸಲ ಬೇರೆ ಕೆಲಸಕ್ಕೆ ಗಜೇಂದ್ರಗಡಕ್ಕೆ ಹೋದಾಗ ಹೊಟ್ಟೆ ಹಸಿದು ಅಕ್ಕನ ಮನೆಯ ಕಡೆ ನಡೆದೆ. ಮಗ್ಗದ ಕುಣಿ ಮುಚ್ಚಿ ಮೇಲೆ ಫರಸಿ ಕಲ್ಲು ಹಾಕಿದ್ದರು. ಅದರ ಮೇಲೆ ಬೆಂಚು, ಉಣ್ಣುವವರು, ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ. ಗೋಡೆಯ ಮಾಡದಲ್ಲಿ ಲಕ್ಷ್ಮಿಯ ಪಟದ ಮುಂದೆ ಆ ನಾಣ್ಯ ಮತ್ತೆ ಕುಂಕುಮ ಮೆತ್ತಿಕೊಂಡು ಕಪ್ಪಾಗತೊಡಗಿತ್ತು. ಅವಳು ನನ್ನನ್ನು ನೋಡಿದಳು. ಕೂಡು ಅನ್ನಲಿಲ್ಲ. ತಾಟು ತಂದು ಇಟ್ಟಳು: ಬಿಸಿ ರೊಟ್ಟಿ, ಎಣ್ಣಿಗಾಯಿ, ಶೇಂಗಾ ಹಿಂಡಿ. ನಾನು ಉಂಡು ಮುಗಿಸುವ ತನಕ ಎದುರಿನ ಕಂಬಕ್ಕೆ ಒರಗಿ ನಿಂತಿದ್ದಳು.

“ಬಾಯಾರ, ಅವತ್ತ ನೀವು ಸುಮ್ಮನಿದ್ರ ಇಡೀ ಮನಿ ನಂದಾಗತಿತ್ತು.”

“ಹೌದವಾ,” ಅಂದೆ.

ಅವಳು ನನ್ನ ಖಾಲಿ ತಾಟನ್ನು ನೋಡಿದಳು. ಆಮೇಲೆ ತಂಬಿಗೆ ಎತ್ತಿದಳು.

“ಮಜ್ಜಿಗಿ ಹಾಕ್ಲ್ಯಾ?”